ಹಾಲು ಎಲ್ಲಿ ಹೋಯಿತು, ಅದನ್ನು ಮೊದಲು ನೋಡು

ಪ್ರೀತಿಯ ತಂಗಿ,

ನಿನ್ನ ಜೇನುಗೂಡಿನ ಕಾದಂಬರಿ ಓದಿ ಮುಗಿಸಿದೆ. ಕೊನೆಯಲ್ಲಿ ಒಂದು ಪಟ್ಟಿ ಬೇರೆ ಸೇರಿಸಿದ್ದೀಯ. ರಾಣಿ ಅಂದರೆ ಝಾರ್ ದೊರೆ, ಕಪ್ಪು ರೆಕ್ಕೆಯವನು ಲೆನಿನ್, ಮೀಸೆಯವನು ಸ್ಟಾಲಿನ್, ಹಾಡುವ ನೊಣ ಟ್ರಾಟ್ಸ್ಕಿ. ಓದುವವರಿಗೆ ಸುಲಭವಾಗಲಿ ಅಂತ ಕೊಟ್ಟಿರಬೇಕು. ಮೊದಲು ಅದನ್ನು ಹರಿದುಹಾಕು. ಓದುಗರಿಗೆ ಬೇಡ ಅಂತಲ್ಲ, ನಿನಗೇ ಬೇಡ.

ಆ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಬರೆದಿದ್ದೀಯ ಅನ್ನುವುದು ಪುಟಪುಟದಲ್ಲೂ ಗೊತ್ತಾಗುತ್ತದೆ. 1917ರ ರಷ್ಯಾದ ಕ್ರಾಂತಿ ಮೂರನೇ ಅಧ್ಯಾಯದಲ್ಲಿ ಆಗುತ್ತದೆ. 1924ರಲ್ಲಿ ಲೆನಿನ್ ತೀರಿಕೊಂಡ, ಆದ್ದರಿಂದ ಆರನೇ ಅಧ್ಯಾಯದಲ್ಲಿ ಕಪ್ಪು ರೆಕ್ಕೆಯವನು ಕಾಯಿಲೆ ಬೀಳುತ್ತಾನೆ. 1940ರಲ್ಲಿ ಟ್ರಾಟ್ಸ್ಕಿಯನ್ನು ಮೆಕ್ಸಿಕೋದಲ್ಲಿ ಕೊಂದರು, ಆದ್ದರಿಂದ ನಿನ್ನ ಹಾಡುವ ನೊಣ ಯಾವುದೋ ದೂರದ ತೋಟಕ್ಕೆ ಹಾರಿಹೋಗಿ ಸಾಯಬೇಕು. ಯಾಕೆ ಸಾಯುತ್ತದೆ? ಗೂಡಿನೊಳಗೆ ಅದಕ್ಕೆ ಕಾರಣವೇ ಇಲ್ಲ. ಕಾರಣ ಇತಿಹಾಸದ ಪುಸ್ತಕದಲ್ಲಿದೆ. ಇತಿಹಾಸ ಗೊತ್ತಿದ್ದವರು ‘ಹೌದು, ಸರಿಯಾಗಿದೆ’ ಅಂತ ಗುರುತು ಹಾಕಿ ಪುಟ ತಿರುಗಿಸುತ್ತಾರೆ. ಗೊತ್ತಿಲ್ಲದವರಿಗೆ ಏನೂ ಆಗುವುದಿಲ್ಲ. ಇಬ್ಬರಿಗೂ ಕತೆ ಸಿಗಲಿಲ್ಲ, ಅಲ್ವಾ?

ನಿನ್ನ ಮಾದರಿ ಯಾವುದು ಅಂತ ಹೇಳಬೇಕಾಗಿಲ್ಲ. ರಾಜಕೀಯ ರೂಪಕ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಜಾರ್ಜ್ ಆರ್ವೆಲ್‌ನ ‘ಅನಿಮಲ್ ಫಾರ್ಮ್’. ಪ್ರಾಣಿಗಳು ಯಜಮಾನನನ್ನು ಓಡಿಸುತ್ತವೆ, ಆಮೇಲೆ ಅವುಗಳಲ್ಲೇ ಹಂದಿಗಳು ಯಜಮಾನರಾಗುತ್ತವೆ, ಅದೇ ಕತೆ. ಅದನ್ನೂ ನೀನು ಪಟ್ಟಿಯ ಹಾಗೇ ಓದಿದ್ದೀಯ ಅನ್ನಿಸುತ್ತದೆ. ಇನ್ನೊಂದು ಸಲ ಓದು. ಅದರಲ್ಲಿ ಲೆನಿನ್ ಎಲ್ಲಿದ್ದಾನೆ ಹುಡುಕು. ಸಿಗುವುದಿಲ್ಲ. ಕನಸು ಹೇಳಿ ಸಾಯುವ ಮುದಿ ಹಂದಿಯಲ್ಲಿ ಮಾರ್ಕ್ಸ್‌ನ ಛಾಯೆ ಜಾಸ್ತಿ. ಅದರ ತಲೆಬುರುಡೆಯನ್ನು ಧ್ವಜಕಂಬದ ಬುಡದಲ್ಲಿಟ್ಟು ಪ್ರಾಣಿಗಳು ಸಾಲಾಗಿ ಹಾದುಹೋಗುವಾಗ ಮಾತ್ರ, ಮಾಸ್ಕೋದಲ್ಲಿ ಕೆಡದಂತೆ ಕಾಪಾಡಿ ಇಟ್ಟಿರುವ ಲೆನಿನ್ ದೇಹ ನೆನಪಾಗುತ್ತದೆ. ಅಕ್ಟೋಬರ್ ಕ್ರಾಂತಿಯ ನಾಯಕನೇ ಇಲ್ಲದೆ ಅಕ್ಟೋಬರ್ ಕ್ರಾಂತಿಯ ಕತೆ ಬರೆದ ಮನುಷ್ಯ ಅವನು. ಯಾಕೆಂದರೆ ಅವನಿಗೆ ಬೇಕಾಗಿದ್ದದ್ದು ಯಾರು ಯಾರು ಅನ್ನುವುದಲ್ಲ. ಎಲ್ಲಿ ಕೆಟ್ಟಿತು ಅನ್ನುವುದು.

ಎಲ್ಲಿ ಕೆಟ್ಟಿತು? ಹಂದಿಗಳ ಇಬ್ಬರು ನಾಯಕರಲ್ಲಿ ನೆಪೋಲಿಯನ್‌ನಲ್ಲಿ ಸ್ಟಾಲಿನ್ ಛಾಯೆ, ಸ್ನೋಬಾಲ್‌ನಲ್ಲಿ ಟ್ರಾಟ್ಸ್ಕಿಯ ಛಾಯೆ. ನೆಪೋಲಿಯನ್‌ನ ನಾಯಿಗಳು ಸ್ನೋಬಾಲ್‌ನನ್ನು ಅಟ್ಟಿಸಿಕೊಂಡು ಹೋದಾಗ ಅಂತ ಬಹಳ ಜನ ಹೇಳುತ್ತಾರೆ. ಆರ್ವೆಲ್ ಹಾಗೆ ಹೇಳಲಿಲ್ಲ. 1946ರ ಕೊನೆಯಲ್ಲಿ ಅಮೆರಿಕದ ಲೇಖಕ ಡ್ವೈಟ್ ಮ್ಯಾಕ್‌ಡೊನಾಲ್ಡ್‌ಗೆ ಬರೆದ ಪತ್ರದಲ್ಲಿ, ಹಂದಿಗಳು ಹಾಲನ್ನೂ ಸೇಬನ್ನೂ ತಮಗೇ ಇಟ್ಟುಕೊಂಡದ್ದೇ ಕತೆಯ ತಿರುವು ಅಂತ ಬರೆದ. ಪಕ್ಕದಲ್ಲೇ ಒಂದು ಊರಿನ ಹೆಸರನ್ನೂ ಹಾಕಿದ: ಕ್ರೋನ್‌ಸ್ಟಾಟ್.

ಈ ಊರಿನ ಕತೆ ನಿನಗೆ ಗೊತ್ತಿರಲೇಬೇಕು. ರಷ್ಯಾದ ಪೆಟ್ರೋಗ್ರಾಡ್ ನಗರದ ಎದುರಿಗಿನ ಕೊಲ್ಲಿಯಲ್ಲಿ ಅದೊಂದು ನೌಕಾನೆಲೆ. 1917ರಲ್ಲಿ ಅಲ್ಲಿನ ನಾವಿಕರು ಕ್ರಾಂತಿಯ ಮುಂಚೂಣಿಯಲ್ಲಿದ್ದವರು. ಲೆನಿನ್‌ನ ಪಕ್ಷದವರಾದ ಬೋಲ್ಶೆವಿಕರು ಅವರನ್ನು ಹಾಡಿ ಹೊಗಳಿದ್ದರು. 1921ರ ಮಾರ್ಚ್ ಹೊತ್ತಿಗೆ ಅಂತರ್ಯುದ್ಧ ಹೆಚ್ಚುಕಡಿಮೆ ಮುಗಿದಿತ್ತು, ಊರೆಲ್ಲ ಹಸಿವು. ಆಗ ಆ ನಾವಿಕರು ಕೇಳಿದ್ದೇನು? ಸೋವಿಯತ್‌ಗಳಿಗೆ, ಅಂದರೆ ದುಡಿಯುವವರು ಆರಿಸುವ ಮಂಡಳಿಗಳಿಗೆ, ಗುಪ್ತ ಮತದಾನದಿಂದ ಹೊಸದಾಗಿ ಚುನಾವಣೆ ಆಗಲಿ. ಕಾರ್ಮಿಕರಿಗೆ, ರೈತರಿಗೆ, ಎಡಪಂಥದ ಬೇರೆ ಪಕ್ಷಗಳಿಗೆ ಮಾತಾಡುವ ಸ್ವಾತಂತ್ರ್ಯ ಇರಲಿ. ದುಡಿಯುವ ಎಲ್ಲರಿಗೂ ಪಡಿತರ ಒಂದೇ ಸಮ ಆಗಲಿ. ನಾಲ್ಕು ವರ್ಷದ ಹಿಂದೆ ‘ಎಲ್ಲ ಅಧಿಕಾರ ಸೋವಿಯತ್‌ಗಳಿಗೆ’ ಅನ್ನುವುದು ಕ್ರಾಂತಿಯ ಘೋಷಣೆಯಾಗಿತ್ತು. ಈಗ ಅದನ್ನೇ ನಿಜ ಅಂತ ನಂಬಿ ಕೇಳಿದವರು ಶತ್ರುಗಳಾದರು. ಹೆಪ್ಪುಗಟ್ಟಿದ ಸಮುದ್ರದ ಮೇಲೆ ಕೆಂಪು ಸೇನೆ ನಡೆದುಹೋಗಿ ಅವರನ್ನು ಬಗ್ಗುಬಡಿಯಿತು. ಆಗ ಸೇನೆಯ ಹೊಣೆ ಹೊತ್ತಿದ್ದವನು ಟ್ರಾಟ್ಸ್ಕಿ. ಸ್ಟಾಲಿನ್ ಇನ್ನೂ ಎಲ್ಲರಿಗಿಂತ ಮೇಲೇರಿರಲಿಲ್ಲ.

ಈಗ ಹಾಲಿನ ಪ್ರಸಂಗಕ್ಕೆ ವಾಪಸ್ ಬಾ. ಆ ಪುಸ್ತಕದಲ್ಲಿ ಅದು ಎಷ್ಟು ಚಿಕ್ಕದು ನೋಡು. ಬೆಳಗ್ಗೆ ಬಕೆಟ್ಟುಗಳಲ್ಲಿ ಹಾಲು ಇತ್ತು. ಸಂಜೆ ಪ್ರಾಣಿಗಳು ಹೊಲದಿಂದ ಬಂದಾಗ ಇಲ್ಲ. ಅಷ್ಟೇ, ಅಧ್ಯಾಯ ಮುಗಿಯಿತು. ಆಮೇಲೆ ಗೊಣಗಾಟ ಶುರುವಾದಾಗ ಒಂದು ಹಂದಿ ಬಂದು ಸಮಜಾಯಿಷಿ ಕೊಡುತ್ತದೆ: ನಮ್ಮದು ತಲೆ ಕೆಲಸ, ಇದನ್ನು ತಿನ್ನುವುದು ನಿಮಗೋಸ್ಕರವೇ. ಬಂದೂಕಿಲ್ಲ, ರಕ್ತವಿಲ್ಲ. ಇನ್ನೊಂದು ವಿಷಯ ಬಹಳ ಜನರ ಕಣ್ಣು ತಪ್ಪಿಸುತ್ತದೆ. ಎಲ್ಲದರಲ್ಲೂ ಜಗಳವಾಡುವ ನೆಪೋಲಿಯನ್ ಮತ್ತು ಸ್ನೋಬಾಲ್ ಈ ಒಂದು ವಿಷಯದಲ್ಲಿ ಪೂರ್ತಿ ಒಪ್ಪುತ್ತಾರೆ! ಕ್ರೋನ್‌ಸ್ಟಾಟ್ ಅಂದರೆ ಇದೇ. ಒಬ್ಬ ಕೆಟ್ಟವನು ಬಂದು ಒಳ್ಳೆಯ ಕ್ರಾಂತಿಯನ್ನು ಕದ್ದುಬಿಟ್ಟ ಅನ್ನುವ ಸುಲಭದ ಕತೆಯನ್ನು ಆರ್ವೆಲ್ ಬರೆಯಲಿಲ್ಲ. ನೀನು ಬರೆದಿರುವುದು ಅದೇ. ನಿನ್ನ ಮೀಸೆಯವನು ಮೊದಲ ಪುಟದಿಂದಲೇ ಕೆಟ್ಟವನು. ಅವನಿಲ್ಲದಿದ್ದರೆ ಗೂಡು ಸ್ವರ್ಗವಾಗುತ್ತಿತ್ತು ಅನ್ನುವ ಹಾಗಿದೆ.

ಹಾಗಾದರೆ ನಿನ್ನ ಗೂಡಿನಲ್ಲಿ ಆ ಹಾಲು ಯಾವುದು? ಇದಕ್ಕೆ ಉತ್ತರ ರಷ್ಯಾದಲ್ಲಿ ಹುಡುಕಬೇಡ. ಜೇನುನೊಣಗಳಲ್ಲೇ ಹುಡುಕು. ನೀನು ಜೇನುಗೂಡನ್ನು ಸುಮ್ನೆ ಆರಿಸಿಕೊಂಡಿದ್ದೀಯ, ಅದರ ಬದುಕನ್ನು ನೋಡಿಲ್ಲ. ಮೊದಲನೆಯದಾಗಿ, ಗೂಡಿನಲ್ಲಿ ದುಡಿಯುವ ನೊಣಗಳೆಲ್ಲ ಹೆಣ್ಣು. ನಿನ್ನ ನಾಯಕರೆಲ್ಲ ಗಂಡು! ಲೆನಿನ್ ಗಂಡಸಾಗಿದ್ದ ಅನ್ನುವ ಒಂದೇ ಕಾರಣಕ್ಕೆ. ಇನ್ನು ರಾಣಿ ಆಜ್ಞೆ ಕೊಡುವುದಿಲ್ಲ, ಮೊಟ್ಟೆ ಇಡುತ್ತಾಳೆ. ಅವಳಿಗೆ ವಯಸ್ಸಾದರೆ ಕೆಲಸದ ನೊಣಗಳೇ ಹೊಸ ರಾಣಿಯನ್ನು ಬೆಳೆಸಿ ಹಳಬಳನ್ನು ಮುಗಿಸುವುದೂ ಉಂಟು. ಅಂದರೆ ದೊರೆಯನ್ನು ಉರುಳಿಸುವುದು ಅಲ್ಲಿ ದಿನನಿತ್ಯದ ಸಂಗತಿ. ನಿನ್ನ ಕ್ರಾಂತಿ ಅದಕ್ಕಿಂತ ದೊಡ್ಡದೇನನ್ನೋ ಕೇಳಬೇಕು. ‘ಇನ್ನು ಮೇಲೆ ರಾಣಿಯೇ ಬೇಡ’ ಅನ್ನಬೇಕು.

ಅಂದರು ಅಂತ ಇಟ್ಟುಕೋ. ಈಗ ನೋಡು ಏನಾಗುತ್ತದೆ. ಹೆಣ್ಣು ಮೊಟ್ಟೆಯಿಂದ ಬಂದ ಯಾವ ಮರಿಹುಳು ಬೇಕಾದರೂ ರಾಣಿಯಾಗಬಹುದು, ಕೆಲಸದ ನೊಣವೂ ಆಗಬಹುದು. ಹುಟ್ಟಿನಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸ ಊಟದಲ್ಲಿ. ಮೊದಲ ಮೂರು ದಿನ ಎಲ್ಲ ಮರಿಗಳಿಗೂ ದಾದಿ ನೊಣಗಳು ತಮ್ಮ ತಲೆಯ ಗ್ರಂಥಿಗಳಲ್ಲಿ ಊರುವ, ಹಾಲಿನಂಥ ಬಿಳಿ ರಸ ಕೊಡುತ್ತವೆ. ಆಮೇಲೆ ಮಿಕ್ಕವರಿಗೆ ಜೇನು, ಪರಾಗ. ಒಬ್ಬಳಿಗೆ ಮಾತ್ರ ಬಿಳಿ ರಸ ಮುಂದುವರಿದರೆ ಅವಳು ರಾಣಿ. ರಾಣಿಯಿಲ್ಲದೆ ಬಿಟ್ಟರೆ? ಹೊಸ ಕೆಲಸಗಾರರು ಹುಟ್ಟುವುದಿಲ್ಲ, ಗೂಡು ಸಾಯುತ್ತದೆ. ಹಳೆಯ ರಾಣಿ ಸತ್ತ ಮೇಲೆ ತೀರ್ಮಾನಕ್ಕೆ ಉಳಿದಿರುವುದು ಕೆಲವೇ ದಿನ. ಅಷ್ಟರೊಳಗೆ ಎಳೆಯ ಮರಿಗಳಲ್ಲಿ ಒಂದನ್ನು ಆರಿಸದಿದ್ದರೆ ಮರಿಗಳ ವಯಸ್ಸು ಮೀರಿಹೋಗುತ್ತದೆ.

ನಿನ್ನ ಹಾಲು ಸಿಕ್ಕಿತಲ್ಲ! ‘ಎಲ್ಲರಿಗೂ ಒಂದೇ ಊಟ’ ಅಂತ ಗೂಡಿನ ಗೋಡೆಯ ಮೇಲೆ ಬರೆದವರೇ, ಕತ್ತಲಲ್ಲಿ ಯಾರಿಗೂ ಹೇಳದೆ ಒಂದು ಮರಿಗೆ ಮಾತ್ರ ಬಿಳಿ ರಸ ಮುಂದುವರಿಸಬೇಕು. ಅವರ ಸಮಜಾಯಿಷಿ ಹಂದಿಗಳ ಸಮಜಾಯಿಷಿಗಿಂತ ಗಟ್ಟಿ. ಯಾಕೆಂದರೆ ಅದು ನಿಜ. ಕೊಡದಿದ್ದರೆ ಗೂಡು ಉಳಿಯುವುದಿಲ್ಲ. ಕ್ರಾಂತಿ ಉಳಿಸುವುದಕ್ಕೆ ಕ್ರಾಂತಿಯ ಮಾತನ್ನೇ ಮುರಿಯಬೇಕಾದ ಈ ಜಾಗದಲ್ಲಿ ನಿನ್ನ ಕಾದಂಬರಿ ಇದೆ. ಇದನ್ನು ಮಾಡುವವಳು ಕೆಟ್ಟವಳಾಗಬೇಕಿಲ್ಲ. ಗೂಡಿನಲ್ಲೇ ಒಳ್ಳೆಯ ದಾದಿಯಾಗಿರಲಿ. 1921ರಲ್ಲಿ ಮಾಸ್ಕೋದಲ್ಲಿ ಪಕ್ಷದ ಮಹಾಧಿವೇಶನ ನಡೆಯುತ್ತಿತ್ತು. ಅಲ್ಲಿ ಕೂತಿದ್ದ ಪ್ರತಿನಿಧಿಗಳಲ್ಲಿ ಕೆಲವರು ಎದ್ದು ಕ್ರೋನ್‌ಸ್ಟಾಟ್ ಮೇಲಿನ ದಾಳಿಗೆ ಹೋದರು. ಕ್ರಾಂತಿ ಉಳಿಸುತ್ತಿದ್ದೇವೆ ಅಂತ ಮನಸಾರೆ ನಂಬಿ ಹೋದವರು ಅವರಲ್ಲಿ ಇದ್ದೇ ಇರುತ್ತಾರೆ. ಅವರಲ್ಲಿ ಒಬ್ಬನ ತಲೆಯೊಳಗೆ ಇಳಿಯಲು ನೋಡು. ಮೀಸೆಯವನ ತಲೆಗಿಂತ ಅದು ಕಷ್ಟ.

ಇನ್ನೊಂದೂ ಇದೆ. ಕೆಲಸದ ಕಾಲದಲ್ಲಿ ದುಡಿಯುವ ನೊಣದ ಆಯಸ್ಸು ಐದಾರು ವಾರ. ರಾಣಿ ವರ್ಷಗಟ್ಟಲೆ ಬದುಕುತ್ತಾಳೆ. ಅಂದರೆ ಕ್ರಾಂತಿ ಕಂಡವರು ಎರಡು ತಿಂಗಳಲ್ಲಿ ಒಬ್ಬರೂ ಉಳಿದಿರುವುದಿಲ್ಲ. ಆ ದಿನ ಮರಿಯಾಗಿದ್ದು, ಬಿಳಿ ರಸ ಕುಡಿದು ಬೆಳೆದ ಹೊಸ ರಾಣಿ ಒಬ್ಬಳೇ ಉಳಿಯುತ್ತಾಳೆ. ಕ್ರಾಂತಿಯ ನೆನಪೆಲ್ಲ ಅದರಿಂದ ಲಾಭ ಪಡೆದವಳ ಹತ್ತಿರ! ರಷ್ಯಾದ ಇತಿಹಾಸ ನಿನಗೆ ಇದನ್ನು ಕೊಡುತ್ತಿರಲಿಲ್ಲ, ಗೂಡು ಕೊಟ್ಟಿತು. ರೂಪಕಕ್ಕೆ ಆರಿಸಿಕೊಂಡ ಲೋಕ ತನ್ನದೇ ನಿಯಮದಿಂದ ನಡೆದಾಗ ಹೀಗೆ ಬರೆಯುವವರಿಗೇ ಗೊತ್ತಿಲ್ಲದ್ದನ್ನು ತೋರಿಸುತ್ತದೆ. ಪಟ್ಟಿ ಇಟ್ಟುಕೊಂಡರೆ ನಿನಗೆ ಮೊದಲೇ ಗೊತ್ತಿದ್ದದ್ದು ಮಾತ್ರ ಸಿಗುತ್ತದೆ.

ನಿನ್ನ ಬರಹದಲ್ಲಿ ನನಗೆ ನಿಜವಾಗಿ ಬೇಸರ ತಂದದ್ದು ಬೇರೆ. ಕ್ರಾಂತಿಯ ಮುಂಚಿನ ಗೂಡಿಗೆ ನೀನು ಕೊಟ್ಟಿರುವುದು ಎರಡೇ ಪುಟ. ಯಾಕೆ ಎದ್ದರು ಅನ್ನುವುದು ನನ್ನ ಮನಸ್ಸಿಗೆ ಇಳಿಯಲಿಲ್ಲ. ಕ್ರಾಂತಿಗಳೆಲ್ಲ ಕೆಡುತ್ತವೆ ಬಿಡು ಅನ್ನುವ ಒಂದು ಜಾಣತನ ಇದೆಯಲ್ಲ, ಕಾದಂಬರಿಗೆ ಅದರಂಥ ಶತ್ರು ಇಲ್ಲ. ಈ ಬಗೆಯ ಒಳ್ಳೆಯ ಪುಸ್ತಕಗಳಲ್ಲಿ ಹಲವನ್ನು ಬರೆದವರು ಕ್ರಾಂತಿಯ ಒಳಗಿದ್ದವರು. ಆರ್ವೆಲ್ ಸ್ಪೇನಿನ ಅಂತರ್ಯುದ್ಧಕ್ಕೆ ಹೋಗಿ ಗಣರಾಜ್ಯದ ಪರ ಬಂದೂಕು ಹಿಡಿದ. 1937ರಲ್ಲಿ ಅವನ ಗಂಟಲಿಗೇ ಗುಂಡು ಬಿತ್ತು. ಅವನಿದ್ದ ಎಡಪಂಥೀಯ ದಳವನ್ನು, ಅದೇ ಗಣರಾಜ್ಯದ ಪರ ಇದ್ದ ಸ್ಟಾಲಿನ್ ಪಕ್ಷಪಾತಿಗಳು ಬೇಟೆಯಾಡಿದಾಗ ಹೆಂಡತಿಯ ಜೊತೆ ತಪ್ಪಿಸಿಕೊಂಡು ಬಂದ. ರಷ್ಯಾದ ಲೇಖಕ ಯೆವ್ಗೆನಿ ಝಮ್ಯಾತಿನ್ 1905ರ ಕಾಲದಲ್ಲೇ ಬೋಲ್ಶೆವಿಕನಾಗಿ ಜೈಲು ಕಂಡವನು. ಹಡಗು ಕಟ್ಟುವ ಇಂಜಿನಿಯರ್. ಜನರಿಗೆ ಹೆಸರಿಲ್ಲದೆ ಬರೀ ನಂಬರ್ ಇರುವ ರಾಜ್ಯವನ್ನು ಅವನು ‘ವಿ’ (ಅಂದರೆ ‘ನಾವು’) ಕಾದಂಬರಿಯಲ್ಲಿ ಕಟ್ಟಿದ. 1920-21ರಲ್ಲಿ ಬರೆದದ್ದು, ಅವನ ದೇಶದಲ್ಲಿ ಅಚ್ಚಾದದ್ದು 1988ರಲ್ಲಿ. ಅದರಲ್ಲಿ ಒಂದು ಹೆಣ್ಣು, ಕೊನೆಯ ಸಂಖ್ಯೆ ಯಾವುದು ಹೇಳು ಅಂತ ಗಣಿತ ಬಲ್ಲ ನಾಯಕನನ್ನು ಕೇಳುತ್ತಾಳೆ. ಕೊನೆಯ ಸಂಖ್ಯೆ ಇಲ್ಲದಿದ್ದರೆ ಕೊನೆಯ ಕ್ರಾಂತಿಯೂ ಇಲ್ಲ ಅನ್ನುವುದು ಅವಳ ವಾದ. ಹೀಗೆ ವಾದಿಸುವುದು ಕ್ರಾಂತಿಯನ್ನು ಪ್ರೀತಿಸಿದವರಿಗೆ ಮಾತ್ರ ಸಾಧ್ಯ.

ಪ್ರೀತಿ ಇಲ್ಲದವರ ಕೈಗೆ ಸಿಕ್ಕರೆ ಏನಾಗುತ್ತದೆ ಅನ್ನುವುದಕ್ಕೂ ದಾಖಲೆ ಇದೆ. 1954ರಲ್ಲಿ ‘ಅನಿಮಲ್ ಫಾರ್ಮ್’ ಕಾರ್ಟೂನ್ ಸಿನಿಮಾ ಆಯಿತು. ಹಣ ಹಿಂದಿನಿಂದ ಕೊಟ್ಟದ್ದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ. ಪುಸ್ತಕದ ಕೊನೆಯಲ್ಲಿ ಹಂದಿಗಳೂ ಮನುಷ್ಯರೂ ಒಂದೇ ಮೇಜಿಗೆ ಕೂತಿರುತ್ತಾರೆ, ಯಾರ ಮುಖ ಯಾರದು ಅಂತ ತಿಳಿಯುವುದಿಲ್ಲ. ಸಿನಿಮಾದಲ್ಲಿ ಮನುಷ್ಯರನ್ನೇ ಆ ಮೇಜಿನಿಂದ ಎಬ್ಬಿಸಿಬಿಟ್ಟರು! ಉಳಿದದ್ದು ಬರೀ ಹಂದಿಗಳು. ಪ್ರಾಣಿಗಳು ನುಗ್ಗಿ ಅವುಗಳನ್ನು ಮುಗಿಸುತ್ತವೆ. ಹಳೆಯ ಯಜಮಾನರು ಹೇಗೆ ಪಾರಾದರು ನೋಡು.

ಶತ್ರುವಿಗೂ ನ್ಯಾಯ ಕೊಡಬೇಕು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಪುಸ್ತಕ ಅಚ್ಚಿಗೆ ಹೋಗುವ ಹೊತ್ತಲ್ಲಿ, 1945ರಲ್ಲಿ, ಆರ್ವೆಲ್ ಪ್ರಕಾಶಕರಿಗೆ ಒಂದು ತಿದ್ದುಪಡಿ ಕಳಿಸಿದ. ಗಾಳಿಗಿರಣಿ ಸಿಡಿದಾಗ ನೆಪೋಲಿಯನ್ ಸೇರಿ ಎಲ್ಲ ಪ್ರಾಣಿಗಳೂ ನೆಲಕ್ಕೆ ಬಿದ್ದವು ಅಂತ ಇತ್ತು. ಅದನ್ನು ನೆಪೋಲಿಯನ್ ಒಬ್ಬನನ್ನು ಬಿಟ್ಟು ಅಂತ ಮಾಡಿಸಿದ. ಜರ್ಮನರು ಹತ್ತಿರ ಬಂದಾಗಲೂ ಸ್ಟಾಲಿನ್ ಮಾಸ್ಕೋ ಬಿಟ್ಟು ಹೋಗಲಿಲ್ಲ, ಅವನಿಗೆ ಅನ್ಯಾಯ ಆಗಬಾರದು ಅಂತ. ನಿನ್ನ ಮೀಸೆಯವನಿಗೆ ಅಂಥ ಒಂದು ಸಾಲನ್ನಾದರೂ ಕೊಡು.

ಎಲ್ಲ ಕ್ರಾಂತಿಗಳೂ ರಷ್ಯಾದ ಹಾಗೆ ಕೆಡುವುದಿಲ್ಲ ಅನ್ನುವುದನ್ನೂ ಮರೆಯಬೇಡ. ಹೈಟಿಯಲ್ಲಿ 1791ರಲ್ಲಿ ಗುಲಾಮರು ಎದ್ದರು, 1804ರಲ್ಲಿ ಸ್ವತಂತ್ರರಾದರು. ಆಮೇಲೆ ಅವರದೇ ಒಬ್ಬ ಸೇನಾನಿ ಆಂರಿ ಕ್ರಿಸ್ಟೋಫ್ ರಾಜನಾಗಿ, ಬೆಟ್ಟದ ತುದಿಯಲ್ಲಿ ಕೋಟೆ ಕಟ್ಟಿಸಿದ. ಕ್ಯೂಬಾದ ಅಲೆಹೊ ಕಾರ್ಪೆಂಟಿಯರ್ ಇದನ್ನು 1949ರಲ್ಲಿ ಕಾದಂಬರಿ ಮಾಡಿದಾಗ, ಬಿಡುಗಡೆಯಾಗಿ ಬಂದ ಮುದುಕನ ಕೈಗೆ ಇಟ್ಟಿಗೆ ಕೊಟ್ಟು ಆ ಬೆಟ್ಟ ಹತ್ತಿಸಿದ. ಹೊಡೆಯುವವನೂ ತನ್ನವನೇ. ಅಲ್ಲಿನ ಗಾಯ ಅದು. ಚೀನಾದ 1911ರ ಕ್ರಾಂತಿಯದು ಇನ್ನೊಂದು ಬಗೆ. ಅದು ಬಡವರ ತನಕ ಬರಲೇ ಇಲ್ಲ. ಲು ಶುನ್ ಬರೆದ, ‘ಆ ಕ್ಯೂ’ ಅನ್ನುವ ಹೆಸರಿನ ಬಡವನ ಕತೆಯಲ್ಲಿ ಊರಿಗೆ ಕ್ರಾಂತಿ ಬಂದರೂ ಅಧಿಕಾರಿ ಹಳಬನೇ, ಹುದ್ದೆಯ ಹೆಸರು ಮಾತ್ರ ಬೇರೆ. ಕ್ರಾಂತಿಗೆ ಸೇರುತ್ತೇನೆ ಅಂತ ಹೋದ ಆ ಕ್ಯೂನನ್ನು ಊರಿನ ಸಿರಿವಂತನ ಮಗ ಓಡಿಸುತ್ತಾನೆ. ಕೊನೆಗೆ ಮಾಡದ ಕಳ್ಳತನಕ್ಕೆ ಅವನಿಗೆ ಮರಣದಂಡನೆ. ಓದುಬರಹ ಬಾರದ ಅವನಿಗೆ ಸಹಿಯ ಬದಲು ಒಂದು ಸೊನ್ನೆ ಬರಿ ಅನ್ನುತ್ತಾರೆ. ಸೊನ್ನೆ ದುಂಡಗೆ ಬರಲಿಲ್ಲವಲ್ಲ ಅಂತ ಅವನಿಗೆ ನಾಚಿಕೆ. ನೂರು ಭಾಷಣ ಹೇಳಲಾರದ್ದನ್ನು ಆ ಸೊನ್ನೆ ಹೇಳುತ್ತದೆ. ಲು ಶುನ್‌ಗೆ ಪ್ರಾಣಿಗಳೇ ಬೇಕಾಗಲಿಲ್ಲ ನೋಡು.

ರೂಪಕ ಬರೆದರೆ ಸರ್ಕಾರಕ್ಕೆ ಗೊತ್ತಾಗುವುದಿಲ್ಲ ಅಂತ ನಿನ್ನ ಮುನ್ನುಡಿಯಲ್ಲಿ ಬರೆದಿದ್ದೀಯ. ಪೊಲೀಸರು ಚೆನ್ನಾಗಿಯೇ ಓದುತ್ತಾರೆ, ತಂಗಿ. ರಷ್ಯಾದ ಲೇಖಕ ಮಿಖಾಯಿಲ್ ಬುಲ್ಗಾಕೊವ್ ಬರೆದ, ನಾಯಿಯನ್ನು ಮನುಷ್ಯನನ್ನಾಗಿ ಮಾಡುವ ಕತೆಯ ಹಸ್ತಪ್ರತಿಯನ್ನು 1926ರಲ್ಲಿ ಮನೆ ಶೋಧಿಸಿ ಹೊತ್ತೊಯ್ದರು. ಅವನು ಸತ್ತು ಎಷ್ಟೋ ವರ್ಷದ ಮೇಲೆ, 1987ರಲ್ಲಿ, ಅದು ಅಲ್ಲಿ ಅಚ್ಚಾಯಿತು. ಸ್ವತಂತ್ರ ದೇಶಗಳೂ ಕಮ್ಮಿಯಿಲ್ಲ. ಯುದ್ಧದಲ್ಲಿ ರಷ್ಯಾ ಮಿತ್ರರಾಷ್ಟ್ರವಾಗಿದ್ದಾಗ ಆರ್ವೆಲ್‌ನ ಪುಸ್ತಕವನ್ನು ಲಂಡನ್ನಿನಲ್ಲಿ ಒಬ್ಬರಾದ ಮೇಲೊಬ್ಬರು ಬೇಡ ಅಂದರು. ಆಗ ಒಂದು ಪ್ರಕಾಶನ ಸಂಸ್ಥೆಯಲ್ಲಿದ್ದ ಕವಿ ಟಿ.ಎಸ್. ಎಲಿಯಟ್, ಇಲ್ಲಿ ಬೇಕಾಗಿರುವುದು ಸಮಾಜದ ಒಳಿತು ಬಯಸುವ ಇನ್ನಷ್ಟು ಹಂದಿಗಳು ಅನ್ನುವ ಅರ್ಥದಲ್ಲಿ ಬರೆದು ವಾಪಸ್ ಕಳಿಸಿದ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೆನ್ಯಾದ ಪ್ರಸಂಗ. ಗೂಗಿ ವಾ ಥಿಯಾಂಗೊ 1986ರಲ್ಲಿ ತನ್ನ ಗಿಕುಯು ಭಾಷೆಯಲ್ಲಿ ‘ಮಟಿಗಾರಿ’ ತಂದ. ಸತ್ಯ, ನ್ಯಾಯ ಎಲ್ಲಿದೆ ಅಂತ ಕೇಳುತ್ತ ದೇಶ ತಿರುಗುವ ಹಳೆಯ ಹೋರಾಟಗಾರನ ಕತೆ ಅದು. ಜನ ಅವನ ವಿಷಯ ಎಷ್ಟು ಮಾತಾಡಿಕೊಂಡರು ಅಂದರೆ, ಆ ಮನುಷ್ಯನನ್ನು ಹಿಡಿಯಿರಿ ಅಂತ ಆದೇಶವೇ ಹೊರಟಿತಂತೆ. ಅವನು ಪುಸ್ತಕದೊಳಗಿನವನು ಅಂತ ತಿಳಿದ ಮೇಲೆ ಪುಸ್ತಕವನ್ನೇ ಹಿಡಿದರು. ಗೂಗಿಯೇ ಹೇಳಿಕೊಂಡ ಸಂಗತಿ ಇದು. ಮುಸುಕು ಹಾಕಿ ತಪ್ಪಿಸಿಕೊಳ್ಳುವ ಉದ್ದೇಶ ಇದ್ದರೆ ಈಗಲೇ ಬಿಡು. ಮುನ್ನುಡಿಯನ್ನೂ ಬಿಡು.

ಕನ್ನಡದಲ್ಲಿ ಈ ವಿದ್ಯೆ ನಾಟಕದವರಿಗೆ ಚೆನ್ನಾಗಿ ಒಲಿದಿದೆ. 1964ರಲ್ಲಿ ಗಿರೀಶ ಕಾರ್ನಾಡರ ‘ತುಘಲಕ್’ ಬಂದಾಗ ಜನ ಅದರಲ್ಲಿ ನೆಹರೂ ಕಾಲದ ಕನಸು ಮುರಿದದ್ದನ್ನು ಕಂಡರು. ನೆಹರೂ ಕಾಲ ಮುಗಿದ ಮೇಲೂ ಆ ನಾಟಕ ಸಾಯಲಿಲ್ಲ. ಅಲ್ಲಿ ತುಘಲಕ್ ಮೊದಲು ತುಘಲಕ್, ಆಮೇಲೆ ಉಳಿದವರೆಲ್ಲ. ಕಲ್ಯಾಣದ ಶರಣರ ಕ್ರಾಂತಿಯಂತೂ ನಮ್ಮವರನ್ನು ಬಿಟ್ಟೂಬಿಡದೆ ಕಾಡಿದೆ. ಲಂಕೇಶರು ‘ಸಂಕ್ರಾಂತಿ’ ಬರೆದರು, ಕಾರ್ನಾಡರು 1990ರಲ್ಲಿ ‘ತಲೆದಂಡ’ ಬರೆದರು. ಅದೇ ಬಸವಣ್ಣ, ಅದೇ ಬಿಜ್ಜಳ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದು. ಕ್ರಾಂತಿ ಕೆಟ್ಟ ಜಾಗ ಯಾವುದು ಅಂತ ಇಬ್ಬರೂ ಒಂದೇ ಕಡೆ ಬೆರಳಿಡುತ್ತಾರಾ, ಬೇರೆ ಬೇರೆ ಕಡೆಯಾ, ನೀನೇ ನೋಡಿ ನನಗೆ ಬರಿ.

ಇನ್ನು ನಿನ್ನ ಕೊನೆಯ ಅಧ್ಯಾಯ. ಮುದಿ ನೊಣ ಹೂವಿನ ಮೇಲೆ ಕೂತು ಅಧಿಕಾರದ ಬಗ್ಗೆ ನಾಲ್ಕು ಪುಟ ಮಾತಾಡುತ್ತದೆ. ಪೂರ್ತಿ ತೆಗೆ. ಆ ನಾಲ್ಕು ಪುಟ ಕ್ರಾಂತಿಯ ಮುಂಚಿನ ಗೂಡಿಗೆ ಹೋಗಲಿ. ಹಸಿವು, ದುಡಿತ, ಸಣ್ಣಪುಟ್ಟ ಅವಮಾನ, ಮೊದಲ ಸಲ ಯಾರೋ ‘ಯಾಕೆ?’ ಅಂದದ್ದು, ಇವೆಲ್ಲ ಬರಲಿ. ಹೆಸರುಗಳನ್ನು ಬದಲಿಸು. ಕಪ್ಪು ರೆಕ್ಕೆ, ಮೀಸೆ ಎರಡೂ ಬೇಡ. ಭಾಷೆಯ ಬಗ್ಗೆ ನನ್ನ ತಕರಾರು ಏನೂ ಇಲ್ಲ. ಮಳೆ ಬರುವ ಮುಂಚೆ ನೊಣಗಳು ವಾಪಸ್ ಬರುವ ಆ ಎರಡು ಪುಟ ಯಾರೂ ಮುಟ್ಟುವ ಹಾಗಿಲ್ಲ. ಅಲ್ಲಿ ನೀನು ಪಟ್ಟಿ ಮರೆತಿದ್ದೆ.

ಇಡೀ ಕರಡು ಆಗುವ ತನಕ ಕಾಯಬೇಡ. ಬಿಳಿ ರಸ ಹಂಚುವ ರಾತ್ರಿಯ ಅಧ್ಯಾಯ ಒಂದನ್ನೇ ಬರೆದು ಕಳಿಸು. ಹತ್ತು ಪುಟ ಸಾಕು. ಅದರಲ್ಲಿ ಯಾರ ಬಾಯಲ್ಲೂ ಕ್ರಾಂತಿ ಅನ್ನುವ ಮಾತು ಬರಬಾರದು, ಅದೊಂದು ಷರತ್ತು. ‘ಸಂಕ್ರಾಂತಿ’ ನಿನ್ನ ಹತ್ತಿರ ಇಲ್ಲದಿದ್ದರೆ ಹೇಳು, ನನ್ನ ಪ್ರತಿ ಕಳಿಸುತ್ತೇನೆ. ಅಂಚಿನಲ್ಲಿ ನನ್ನ ಪೆನ್ಸಿಲ್ ಗೀಟು ಜಾಸ್ತಿ ಇದೆ, ಅದನ್ನು ನಂಬಬೇಡ.

ಇಂತಿ
ನಿನ್ನ ಅಕ್ಕ